ನೀರಿಗಾ, ನೆಲಕ್ಕಾ

ಒಂದರ ತಲೆಯೂ ಹಾರಲಿಲ್ಲ ಎಂದು ರೇಮಂಡ್ ಹೇಳಿದ್ದನ್ನು ಸುಭಾಷಿಣಿ ಮೊದಲು ಹೊಗಳಿಕೆಯೆಂದೇ ತೆಗೆದುಕೊಂಡಳು. ಅರ್ಧ ಲೀಟರಿನ ಹಸಿರು ಪೇಂಟಿನ ಡಬ್ಬಿಯನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದಳು. ದೋಣಿ ಕಟ್ಟುವ ಬಡಗಿ ರೇಮಂಡ್ ಕೊಡೆಯನ್ನು ಅಂಗಡಿಯ ಮೆಟ್ಟಿಲಿಗೆ ಒರಗಿಸಿ, ನೀರು ಇಳಿಯುವ ಹಾಗೆ ಮೊನೆಯನ್ನು ರಸ್ತೆಯ ಕಡೆ ತಿರುಗಿಸಿ ನಿಂತಿದ್ದ. ಶಂಕರಪುರದವ, ಅರವತ್ತು ದಾಟಿದವ. ಕ್ರಿಶ್ಚಿಯನ್ನರಲ್ಲಿ ಹಿರಿಯರನ್ನು ಊರು ಕರೆಯುವಂತೆ ಇವಳೂ ಪೊರ್ಬುಗಳೇ ಎಂದು ಕರೆಯುತ್ತಿದ್ದಳು. "ನಿಮ್ಮ ಸ್ಕ್ರೂ ಭಾರೀ ಲಾಯ್ಕುಂಟು ಅಮ್ಮಾ. ಎರಡು ಗ್ರೋಸ್ ಹಾಕಿದೆ, ಒಂದರ ತಲೆಯೂ ಹಾರಲಿಲ್ಲ." ಯಾವ ಸ್ಕ್ರೂ ಪೊರ್ಬುಗಳೇ ಎಂದು ಅವಳು ಕೇಳಿದ್ದು ಮಾತಿಗೆ ಮಾತು ಸೇರಿಸಲಿಕ್ಕೆ ಅಷ್ಟೇ. "ಅದೇ, ಹಿತ್ತಾಳೆದು. ಹೂವಪ್ಪನ ದೋಣಿಗೆ. ಹಿಂಬದಿಯ ಹಲಗೆ ಇಡೀ ಹೊಸತು ಹಾಕಿದ್ದಲ್ವಾ, ನೀರಿನ ಕೆಳಗೆ ಬರುವಲ್ಲಿ. ಇದೇ ನಿಮ್ಮಲ್ಲಿಂದ ಕಮಲ ತಂದದ್ದು. ಇನ್ನು ಹೆಸರು ಬರೆದರೆ ಮುಗೀತು. ನಾಡಿದ್ದು ಹುಣ್ಣಿಮೆ, ಕಡಲಿಗೆ ಹಾಲು ಹೊಯ್ದು ಇಳಿಸುದು."

ಹೋಗುವಾಗ ರೇಮಂಡ್ ಕೆಮ್ಮಿದ. ಕೊಡೆ ಬಿಡಿಸಿದ. ಮಂಗಳೂರಿನ ಬಸ್ಸೊಂದು ಕೆಸರು ಹಾರಿಸಿ ಹೋಯಿತು. ಇದನ್ನೆಲ್ಲ ಅವಳು ಬಹಳ ಸ್ಪಷ್ಟವಾಗಿ ನೋಡಿದಳು, ನೋಡುವುದು ಬಿಟ್ಟು ಬೇರೇನನ್ನೂ ಮಾಡದೆ ಇರುವುದಕ್ಕಾಗಿ. ಹಿತ್ತಾಳೆ ಮೆತ್ತಗಿನ ಲೋಹ. ಗಟ್ಟಿ ಮರಕ್ಕೆ ತಿರುಗಿಸುವಾಗ ಡಜನಿಗೆ ಎರಡಾದರೂ ತಲೆ ಮುರಿದು ಕೈಗೆ ಬರುತ್ತವೆ; ಅದಕ್ಕೇ ಬಡಗಿಗಳು ಮೊದಲು ಒಂದು ಕಬ್ಬಿಣದ ಸ್ಕ್ರೂ ಹಾಕಿ ದಾರಿ ಮಾಡಿ, ಅದನ್ನು ತೆಗೆದು, ಆಮೇಲೆ ಹಿತ್ತಾಳೆಯದನ್ನು ಹಾಕುವುದು. ಮದುವೆಯಾಗಿ ಬಂದ ಮೂರನೆಯ ವರ್ಷ ಮಾವ ಇದನ್ನು ಹೇಳಿಕೊಟ್ಟಿದ್ದರು. ಗ್ರೋಸ್ ಎಂದರೆ ನೂರ ನಲವತ್ತನಾಲ್ಕು ಎಂದೂ ಆಗಲೇ ಹೇಳಿದ್ದು. ಇನ್ನೂರ ಎಂಬತ್ತೆಂಟು ಸ್ಕ್ರೂಗಳಲ್ಲಿ ಒಂದರ ತಲೆಯೂ ಹಾರಲಿಲ್ಲ ಎಂದರೆ ಅವು ಹಿತ್ತಾಳೆಯಲ್ಲ. ಮೇಲೆ ಹಿತ್ತಾಳೆಯ ನೀರು ಕುಡಿಸಿದ ಕಬ್ಬಿಣ. ಉಪ್ಪುನೀರಿನಲ್ಲಿ ಅದು ಎಷ್ಟು ದಿನ ಹಲಗೆ ಹಿಡಿದುಕೊಂಡಿರುತ್ತದೆ ಎಂಬುದನ್ನು ಮಾವ ಹೇಳಿಕೊಟ್ಟಿರಲಿಲ್ಲ. ಅದು ಈ ಅಂಗಡಿಯಲ್ಲಿ ತಿಳಿಯಬೇಕಾದ ವಿಷಯವೇ ಆಗಿರಲಿಲ್ಲ. ಏಕೆಂದರೆ ಈ ಅಂಗಡಿಯಲ್ಲಿ ಕೇಳದೆ ಯಾರಿಗೂ ಸ್ಕ್ರೂ ಕೊಡುತ್ತಿರಲಿಲ್ಲ.

ನೀರಿಗಾ, ನೆಲಕ್ಕಾ. ಹೆದ್ದಾರಿಯ ಈ ಅಂಗಡಿಯನ್ನು ಮಾವ ಹಯಗ್ರೀವ ಭಟ್ಟರು ನಲವತ್ತೊಂಬತ್ತರಲ್ಲಿ ತೆರೆದಂದಿನಿಂದ, ಮೂವತ್ತೆರಡು ವರ್ಷ, ಮೊಳೆ ಸ್ಕ್ರೂ ಕೇಳಿ ಬಂದವರಿಗೆಲ್ಲ ಇಲ್ಲಿ ಆ ಪ್ರಶ್ನೆ ಬಿದ್ದಿದೆ. ಕಾಪುವಿನ ಮಕ್ಕಳು ಅಂಗಡಿ ಆಟ ಆಡುವಾಗಲೂ ಅದನ್ನೇ ಹೇಳುತ್ತಿದ್ದರು. ಭಟ್ಟರು ಕೇಳಿಯೇ ಕೊಡುವುದು ಎಂದು ಮಲ್ಪೆಯವರೆಗೂ ಹೆಸರು. ನೀರಿಗೆ ಎಂದವರಿಗೆ ಮೇಲಿನ ಮರದ ಡ್ರಾಯರಿನಿಂದ, ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡಿ ಕೊಡುವುದು. ನೂಲಿನಲ್ಲಿ ತೂಗುಬಿಟ್ಟ ಲಾಳದಾಕಾರದ ಅಯಸ್ಕಾಂತವನ್ನು ಸ್ಕ್ರೂ ರಾಶಿಯ ಮೇಲೆ ಆಡಿಸಿದಾಗ ಒಂದೂ ಅಂಟಬಾರದು. ಗಿರಾಕಿಯ ಕಣ್ಣ ಮುಂದೆಯೇ ಆಡಿಸುತ್ತಿದ್ದರು, ಆರತಿಯ ಹಾಗೆ. ನೆಲಕ್ಕೆ ಎಂದವರಿಗೆ, ಎಂದರೆ ಬಾಗಿಲು ಕಿಟಕಿ ಕಪಾಟಿಗೆ, ಕಾಲ ಬುಡದ ಬಿಸ್ಕಿಟ್ ಡಬ್ಬಿಯಿಂದ. ಆಗ ಅಯಸ್ಕಾಂತ ಮೊಳೆಗೆ ತೂಗಿಕೊಂಡೇ ಇರುತ್ತಿತ್ತು. ಬೆಲೆಯೇನೋ ಎರಡಕ್ಕೂ ಒಂದೇ. ಹೊಸತರಲ್ಲಿ ಸುಭಾಷಿಣಿ ಅದನ್ನು ಮಾವನಲ್ಲಿ ಕೇಳಿಯೇಬಿಟ್ಟಿದ್ದಳು. ಉಡುಪಿಯಲ್ಲಿ ಬಿ.ಎ. ಓದಿದ ಹುಡುಗಿ, ಕೇಳಬಹುದು ಎಂದುಕೊಂಡಿದ್ದಳು. ಮಾವ ಕೋಪಿಸಲಿಲ್ಲ. "ನೆಲದವರು ವಾಪಸು ಬಂದು ಜಗಳ ಮಾಡ್ತಾರೆ, ಅದಕ್ಕೆ ಎಂತಾದರೂ ಉತ್ತರ ಕೊಡ್ಲಿಕ್ಕೆ ಆಗ್ತದೆ. ನೀರಿನವರು ವಾಪಸು ಬರುದಿಲ್ಲ." ಎಷ್ಟು ದೊಡ್ಡ ಮಾತು ಎಂದು ಆ ರಾತ್ರಿ ನೋಟುಬುಕ್ಕಿನಲ್ಲಿ ಬರೆದಿಟ್ಟಳು. ಅದು ಧರ್ಮದ ಮಾತಲ್ಲ, ಭಯದ ಮಾತು ಎಂದು ತಿಳಿಯಲು ನಾಲ್ಕು ವರ್ಷ ಹಿಡಿಯಿತು. ತಿಳಿದ ಮೇಲೂ ಅವಳು ಡಬ್ಬಿಯಿಂದ ಕೊಡುತ್ತಲೇ ಇದ್ದಳು. ಹೆಚ್ಚಾಗಿ ಕಾರ್ಕಳದ ಕಡೆಯವರಿಗೆ. ಅವರು ಅಷ್ಟು ದೂರದಿಂದ ಒಂದು ಸ್ಕ್ರೂವಿಗಾಗಿ ಜಗಳ ಮಾಡಲು ಬಸ್ಸು ಹತ್ತಿ ಬರುವುದಿಲ್ಲ.

ಹೂವಪ್ಪನ ಹೆಂಡತಿ ಕಮಲ ಬಂದದ್ದು ಇಪ್ಪತ್ತು ದಿನದ ಹಿಂದೆ, ಆಟಿ ತಿಂಗಳ ಮಳೆ ಸ್ವಲ್ಪ ಬಿಟ್ಟ ಒಂದು ಹೊತ್ತು. ಒಣಮೀನಿನ ಬುಟ್ಟಿಯನ್ನು ರಸ್ತೆಯ ಆಚೆ ಇಳಿಸಿ, ಕೈಯನ್ನು ಸೀರೆಗೆ ಒರೆಸಿಕೊಂಡು, ಭಟ್ಟರ ಅಂಗಡಿ ಎಂದು ಮೆಟ್ಟಿಲ ಕೆಳಗೇ ನಿಂತಿದ್ದಳು. "ಒಂದೂವರೆ ಇಂಚಿನ ಹಿತ್ತಾಳೆ ಸ್ಕ್ರೂ ಎರಡು ಗ್ರೋಸ್ ಅಮ್ಮಾ." ಸುಭಾಷಿಣಿ ತಲೆ ಎತ್ತಿ ನಕ್ಕು, "ಮನೆ ಕೆಲಸ ಎಲ್ಲಿಗೆ ಬಂತು ಕಮಲಕ್ಕ?" ಎಂದಿದ್ದಳು. ಹೂವಪ್ಪ ಮನೆಯ ಮಾಡಿಗೆ ಹಂಚು ಹಾಕಿಸುತ್ತಾನೆಂದು ಯಾರೋ ಹೇಳಿದ್ದರು. "ಆಗ್ತಾ ಉಂಟು ಅಮ್ಮಾ" ಎಂದಳು ಕಮಲ. ಮತ್ತೆ ಏನೋ ಹೇಳಲಿದ್ದಾಳೆಂಬಂತೆ ಒಂದು ಗಳಿಗೆ ನಿಂತಳು. ಆ ಗಳಿಗೆ ಈಗ ಸುಭಾಷಿಣಿಯ ಕಣ್ಣ ಮುಂದೆ ಎಷ್ಟು ಉದ್ದವಾಗಿ ಬಂದಿತೆಂದರೆ, ಆ ಹೊತ್ತಿನಲ್ಲಿ ಎರಡು ಗ್ರೋಸ್ ಯಾವ ಬಾಗಿಲಿಗೆ, ಯಾವ ಅರಮನೆಗೆ ಎಂದು ಹತ್ತು ಸಲ ಯೋಚಿಸಬಹುದಿತ್ತು. ಯೋಚಿಸಲಿಲ್ಲ. ಬಗ್ಗಿ ಕಾಲ ಬುಡದ ಡಬ್ಬಿ ತೆಗೆದಳು. ಹೆಂಗಸು ಬಂದಿದ್ದಾಳೆ, ಹೆಂಗಸು ಕೇಳುವುದು ಮನೆಗೆ. ಕೊಟ್ಟ ಮೇಲೆ ಡಬ್ಬಿ ಹಗುರವಾದದ್ದಕ್ಕೆ ಸಣ್ಣ ಸಮಾಧಾನವೂ ಆಗಿತ್ತು, ಇನ್ನು ಸ್ವಲ್ಪ ದಿನದಲ್ಲಿ ಇದು ಖಾಲಿಯಾದರೆ ಮತ್ತೆ ತರಿಸುವುದು ಬೇಡ ಎಂದು ಗಂಡನಲ್ಲಿ ಹೇಳಬಹುದು ಎಂದು.

ಹೆಂಗಸು ಎಂದರೆ ಮನೆ ಎಂದು ಅವಳು ಯೋಚಿಸಿದ್ದಳು. ಎರಡು ವರ್ಷದಿಂದ ಈ ಗಲ್ಲಾದ ಹಿಂದೆ ಕುಳಿತ ಅವಳು. ಮಾವನಿಗೆ ಬಲಗೈ ಬಲಗಾಲು ಬಿದ್ದುಹೋಗಿ, ಗಂಡ ವಿಷ್ಣುಮೂರ್ತಿ ಮಣಿಪಾಲದ ಕಟ್ಟಡಗಳಿಗೆ ಸಾಮಾನು ಒದಗಿಸಲು ದಿನವೂ ಓಡಾಡಬೇಕಾಗಿ ಬಂದಾಗ, ಬೇರೆ ದಾರಿಯಿಲ್ಲದೆ ಕೂರಿಸಿದ್ದು. ಅವಳು ಇಲ್ಲಿರುವಾಗಲೇ ಬಾಗಿಲಲ್ಲಿ ನಿಂತು, ತಲೆಯ ಮೇಲಿಂದ ಒಳಗೆ ಇಣುಕಿ, ಯಾರೂ ಇಲ್ವಾ ಅಂಗಡಿಯಲ್ಲಿ ಎಂದು ಕೇಳಿದವರ ಮುಖಗಳೆಲ್ಲ ಅವಳಿಗೆ ನೆನಪಿವೆ. ಇದ್ದೇನೆ ಎಂದು ಅವಳು ಒಮ್ಮೆಯೂ ಹೇಳಿರಲಿಲ್ಲ. ಇವರು ಈಗ ಬರ್ತಾರೆ, ಕೂತುಕೊಳ್ಳಿ ಎನ್ನುತ್ತಿದ್ದಳು. ಉದ್ಯಾವರದಿಂದ ಬಂದ ನಲ್ಲಿ ಕೆಲಸದವನೊಬ್ಬ ಎರಡು ಪೈಪು ಜೋಡಿಸುವ ಆ ಚಿಕ್ಕ ತುಂಡಿನ ಹೆಸರನ್ನು ಹೆಂಗಸಿನೆದುರು ಹೇಳಲಾರದೆ ಬೆರಳಲ್ಲಿ ಗಾಳಿಯಲ್ಲಿ ಏನೇನೋ ಬರೆದು ಬೆವರಿದಾಗ, ಅವಳು ತುಂಡನ್ನು ತಂದಿಟ್ಟು, ಮುಕ್ಕಾಲು ಇಂಚಿನ ನಿಪ್ಪಲ್ಲಾ ಎಂದು ನೆಟ್ಟಗೆ ಕೇಳಿದ್ದಳು. ಅವನು ರಸ್ತೆ ನೋಡಿದ. ಆ ದಿನ ಗೆದ್ದೆ ಎಂದುಕೊಂಡಿದ್ದಳು. ಆ ಕತೆ ಹೇಗೋ ಮಣಿಪಾಲದವರೆಗೆ ಹೋಗಿ, ಬ್ಯಾಂಕಿನಲ್ಲಿರುವ ಮೈದುನ ಹೃಷೀಕೇಶ ಭಾನುವಾರ ಬಂದವನು ಊಟದ ಎಲೆಯ ಮುಂದೆ ನಗುತ್ತ ಹೇಳಿದ: "ಅತ್ತಿಗೆ ಕೂತರೆ ಗಿರಾಕಿಗಳು ಬಾಯಿ ಬಿಡುದು ಹೇಗೆ ಅಣ್ಣ? ಒಂದು ಜನ ಇಡುವ. ಕಬ್ಬಿಣ ಅಂದ್ರೆ ಹೂವಿನ ಅಂಗಡಿಯಾ?" ಚೌತಿಯವರೆಗೆ ನೋಡುವ ಎಂದು ಅಣ್ಣ ತಮ್ಮ ಒಪ್ಪಿಕೊಂಡಿದ್ದರು. ಅಷ್ಟರೊಳಗೆ ಒಂದು ತಪ್ಪಾದರೆ ಅವಳು ಒಳಗೆ. ಚೌತಿಗೆ ಇನ್ನು ಮೂರು ವಾರವೂ ಇಲ್ಲ.

ಡಬ್ಬಿಯ ತಳದಲ್ಲಿ ಹದಿನೈದೋ ಇಪ್ಪತ್ತೋ ಉಳಿದಿದ್ದವು. ಅಯಸ್ಕಾಂತವನ್ನು ಮೊಳೆಯಿಂದ ಬಿಡಿಸಿ ಇಳಿಬಿಟ್ಟಳು. ಟಕ್ಕೆಂದು ಎರಡು ಒಟ್ಟಿಗೆ ಹಾರಿ ಅಂಟಿದವು. ಅವನ್ನು ಉಗುರಿನಿಂದ ಬಿಡಿಸಿ ಡಬ್ಬಿಗೆ ಹಾಕಿದಳು.

ವಿಷ್ಣುಮೂರ್ತಿ ಮಧ್ಯಾಹ್ನದ ಬಸ್ಸಿನಲ್ಲಿ ಬಂದು, ಕೈಕಾಲು ತೊಳೆದು ಊಟಕ್ಕೆ ಕುಳಿತ. ಅವನು ಒಳ್ಳೆಯವನು. ಜೋರಾಗಿ ಮಾತನಾಡಿದವನಲ್ಲ. ಅವನ ಮೃದುತ್ವಕ್ಕೆ ತಾನು ಹೆದರುವಷ್ಟು ಬೇರೆಯವರ ಗದರಿಕೆಗೆ ಹೆದರುವುದಿಲ್ಲ ಎಂದು ಅವಳಿಗೆ ಆಗಾಗ ಅನಿಸುತ್ತಿತ್ತು. ಸಾರು ಬಡಿಸುತ್ತ ಹೇಳಿದಳು. ಬೇಕೆಂದೇ ಸಣ್ಣ ವಾಕ್ಯಗಳಲ್ಲಿ ಹೇಳಿದಳು: ಕಮಲಕ್ಕನಿಗೆ ಡಬ್ಬಿಯದ್ದು ಕೊಟ್ಟೆ. ಕೇಳಲಿಲ್ಲ. ದೋಣಿಗೆ ಹಾಕಿದ್ದಾರೆ. ನಾಡಿದ್ದು ಇಳಿಸುತ್ತಾರೆ. ಅವನ ಕೈ ಅನ್ನದಲ್ಲಿ ನಿಂತಿತು. ಸ್ವಲ್ಪ ಹೊತ್ತಿನ ನಂತರ ಮತ್ತೆ ಕಲಸತೊಡಗಿತು.

"ರೇಮಂಡಿಗೆ ಗೊತ್ತಾಯ್ತಾ?"

"ಇಲ್ಲ. ಹೊಗಳಿ ಹೋದರು."

"ಮತ್ತೆಂತ?" ಎಂದ ಅವನು, ನಿಧಾನವಾಗಿ. "ಒಂದು ವರ್ಷಕ್ಕೆ ಎಂತ ಆಗುದಿಲ್ಲ ಸುಭಾ. ಪುಟ್ಟಿ ಹಚ್ಚಿದ್ದಾರೆ, ಮೇಲೆ ಪೇಂಟ್ ಉಂಟು. ಬರುವ ಮಳೆಗಾಲಕ್ಕೆ ದೋಣಿ ಮೇಲೆ ಬರ್ತದಲ್ಲ, ಆಗ ಎಂತಾದರೂ ಹೇಳಿ ಬದಲಾಯಿಸುವ. ನಾನೇ ಒಳ್ಳೆದು ಕೊಡ್ತೇನೆ, ದುಡ್ಡು ಬೇಡ."

"ಒಂದು ವರ್ಷಕ್ಕೆ ಎಂತ ಆಗುದಿಲ್ಲ ಅಂತ ನಿಮಗೆ ಗೊತ್ತುಂಟಾ?"

ಅವನು ಸುಳ್ಳು ಹೇಳುವವನಲ್ಲ. "ಗೊತ್ತಿಲ್ಲ" ಎಂದ. ಮಜ್ಜಿಗೆಗೆ ಕೈ ಒಡ್ಡಿದ. "ಆದರೆ ಈಗ ಹೋಗಿ ಹೇಳಿದರೆ ಅವರು ಕೇಳುದು ಒಂದೇ, ಇಂಥ ಸ್ಕ್ರೂ ನಿಮ್ಮ ಅಂಗಡಿಯಲ್ಲಿ ಯಾಕಿತ್ತು ಅಂತ. ನೆಲಕ್ಕೆ ಅಂತ ಹೇಳ್ತೀಯಾ? ಮತ್ತೆ ನೆಲದವರಿಗೆ ಎಂತ ಹೇಳುದು? ಮೂವತ್ತೆರಡು ವರ್ಷದ ಬಾಗಿಲುಗಳುಂಟು. ಅಪ್ಪ ಇನ್ನೂ ಉಸಿರಾಡ್ತಾ ಇದ್ದಾರೆ ಮಾರಾಯ್ತಿ." ಕೊನೆಗೆ, ಎದ್ದು ಕೈ ತೊಳೆಯಲು ಹೋಗುವಾಗ, ಬೆನ್ನು ಹಾಕಿಕೊಂಡೇ ಅಂದ: "ಹೃಷಿಗೆ ಇಷ್ಟೇ ಸಾಕು. ನಿನ್ನನ್ನು ಕೂರಿಸ್ಲಿಕ್ಕೆ ನಾನು ಎಷ್ಟು ಮಾತು ಕೇಳಿದ್ದೇನೆ ಅಂತ ನಿನಗೆ ಗೊತ್ತಿಲ್ಲ."

ಗೊತ್ತಿತ್ತು. ಅದನ್ನೂ ಸೇರಿಸಿಯೇ ಅವಳು ತೂಗಿದ್ದಳು. ಎಲೆ ತೆಗೆದು ಗೋಮಯ ಹಾಕಿ ಒರೆಸುತ್ತಿದ್ದಾಗ ತಾನು ಆಗಲೇ ನಿರ್ಧರಿಸಿಯಾಗಿದೆ, ಗಂಡನಲ್ಲಿ ಹೇಳಿದ್ದು ಕೇಳುವುದಕ್ಕಲ್ಲ, ತಿಳಿಸುವುದಕ್ಕೆ ಎಂದು ಅವಳಿಗೆ ಆಶ್ಚರ್ಯದಿಂದ ಹೊಳೆಯಿತು. ಹೂವಪ್ಪನ ದೋಣಿಯಲ್ಲಿ ಐದು ಜನ ಹೋಗುತ್ತಾರೆ. ಅವಳಿಗೆ ಹೂವಪ್ಪ, ಅವನ ಭಾವ ಕಿಟ್ಟ ಇಬ್ಬರ ಮುಖ ಗೊತ್ತು. ಉಳಿದ ಮೂವರ ಮುಖ ಗೊತ್ತಿಲ್ಲದಿರುವುದೇ ಹೆಚ್ಚು ಕಷ್ಟವಾಗಿ ಕಾಣುತ್ತಿತ್ತು.

ಮಾವ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಅವರ ತಂದೆ ಉಡುಪಿಯ ಮಠದ ಅಡಿಗೆಯಲ್ಲಿದ್ದವರು. ಸಾಲು ಸಾಲು ಅಣ್ಣ ತಮ್ಮಂದಿರಲ್ಲಿ ಇವರೊಬ್ಬರೇ ಸೌಟು ಬಿಟ್ಟು ಕಾಪುವಿಗೆ ಬಂದು ಕಬ್ಬಿಣ ಹಿಡಿದವರು. ಶನಿವಾರವೂ ಕಬ್ಬಿಣ ಮಾರುವ ಭಟ್ಟ ಎಂದು ನೆಂಟರು ಆಡಿಕೊಂಡರು. ಮದುವೆ ಮುಂಜಿಯ ಊಟಕ್ಕೆ ಕೂರುವ ಮೊದಲು ಅವರು ಹುಣಿಸೆಹಣ್ಣು ಹಾಕಿ ಕೈ ಉಜ್ಜಿ ಉಜ್ಜಿ ತೊಳೆಯುತ್ತಿದ್ದದ್ದನ್ನು, ಮತ್ತೂ ಬೆರಳನ್ನು ಮೂಗಿನ ಹತ್ತಿರ ಒಯ್ದು ನೋಡುತ್ತಿದ್ದದ್ದನ್ನು ಸುಭಾಷಿಣಿ ಕಂಡಿದ್ದಾಳೆ. ಅದನ್ನು ಕಂಡ ದಿನದಿಂದ ಅವರ ಮೇಲೆ ಪೂರ್ತಿ ಸಿಟ್ಟು ಮಾಡಲು ಅವಳಿಗೆ ಸಾಧ್ಯವಾಗಿಲ್ಲ. ಈಗ ಅವಳ ಕೈಯಲ್ಲಿದ್ದ ಅಯಸ್ಕಾಂತವನ್ನು ಅವರು ನೋಡಿದರು. ಅಂಗಡಿಯಿಂದ ಅದು ಒಳಗೆ ಬಂದದ್ದು ಇದೇ ಮೊದಲು.

"ಮಾವ, ಡಬ್ಬಿಯದ್ದು ನೀರಿಗೆ ಹೋಗಿದೆ. ನನ್ನ ಕೈಯಿಂದ. ಹೇಳಿ ಬರ್ತೇನೆ."

ಓರೆಯಾದ ಬಾಯಿ ಬಹಳ ಹೊತ್ತು ಒದ್ದಾಡಿತು. "ಡಬ್ಬಿ" ಎಂದರು. ಮತ್ತೆ "ಡಬ್ಬಿ... ಹೇಳ್ಬೇಡ." ದೋಣಿಯದ್ದು ಹೇಳು, ಡಬ್ಬಿಯದ್ದು ಹೇಳಬೇಡ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಬಹುದು ಎಂದು ಈ ಸ್ಥಿತಿಯಲ್ಲೂ ಅವರಿಗೆ ಅನಿಸುತ್ತಿದೆ. ಅವಳಿಗೂ ಬೆಳಗ್ಗಿನಿಂದ ಅದೇ ಅನಿಸಿತ್ತು. ಮಂಗಳೂರಿನ ಸಪ್ಲೈಯರ್ ಮೋಸ ಮಾಡಿದ ಎನ್ನಬಹುದು, ನಮಗೂ ಗೊತ್ತಾಗಲಿಲ್ಲ ಎನ್ನಬಹುದು. ಎಷ್ಟು ಸಲೀಸಾದ ವಾಕ್ಯಗಳು. ಅವರ ಎಡಗೈ ಚಾಪೆಯ ಅಂಚನ್ನು ಹಿಡಿದಿತ್ತು. ಅವಳು ಆ ಕೈಯನ್ನು ಒಮ್ಮೆ ಮುಟ್ಟಿ, "ಆಗುದಿಲ್ಲ ಮಾವ" ಎಂದಳು. ಅವರು ಮುಖವನ್ನು ಗೋಡೆಗೆ ತಿರುಗಿಸಿದರು.

ಮೇಲಿನ ಡ್ರಾಯರಿನಲ್ಲಿದ್ದ ನಿಜವಾದ ಹಿತ್ತಾಳೆಯದ್ದನ್ನೆಲ್ಲ ಚೀಲಕ್ಕೆ ಸುರಿದಳು. ಒಂದು ಗ್ರೋಸಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹೆದ್ದಾರಿ ದಾಟಿ ಕಡಲ ದಾರಿ ಹಿಡಿದಾಗ ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ದೀಪಸ್ತಂಭದ ಬುಡದ ಬಂಡೆ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಭಟ್ಟರ ಮನೆಯ ಸೊಸೆ ಈ ಹೊತ್ತಿನಲ್ಲಿ, ಒಬ್ಬಳೇ, ಕೈಯಲ್ಲಿ ಚೀಲ ಹಿಡಿದು ಕಡಲಿಗೆ ಹೋಗುವುದನ್ನು ಬಲೆ ಹೆಣೆಯುತ್ತಿದ್ದವರು ತಲೆ ಎತ್ತಿ ನೋಡಿದರು. ಅವಳು ಮನಸ್ಸಿನಲ್ಲೇ ವಾಕ್ಯಗಳನ್ನು ಜೋಡಿಸುತ್ತಿದ್ದಳು. ನಾನು ಕೊಟ್ಟದ್ದು ಹಿತ್ತಾಳೆಯಲ್ಲ. ಕೊಟ್ಟದ್ದು ನಾನು. ಯಾವುದು ಮೊದಲು ಬರಬೇಕು? ಕಾಲೇಜಿನಲ್ಲಿ ಪ್ರಬಂಧಕ್ಕೆ ಬಹುಮಾನ ಬಂದಿತ್ತು ಅವಳಿಗೆ; ವಿಷಯ ಈಗ ನೆನಪಿಲ್ಲ. ದಡದ ಸಡಿಲ ಹೊಯಿಗೆಯಲ್ಲಿ ಚಪ್ಪಲಿ ಹೂತು ಹೋಗತೊಡಗಿದಾಗ ಕಳಚಿ ಕೈಯಲ್ಲಿ ಹಿಡಿದುಕೊಂಡಳು.

ದೋಣಿ ತೆಂಗಿನ ಕೊರಡುಗಳ ಮೇಲೆ ಓರೆಯಾಗಿ ನಿಂತಿತ್ತು. ಹೊಸ ಬಿಳಿ ಪೇಂಟು ಕಣ್ಣಿಗೆ ಚುಚ್ಚುತ್ತಿತ್ತು. ರೇಮಂಡ್ ಮೂತಿಯ ಹತ್ತಿರ ಹಸಿರಿನಲ್ಲಿ ಹೆಸರಿನ ಮೊದಲ ಅಕ್ಷರ ಬರೆಯುತ್ತಿದ್ದ. ಹೂವಪ್ಪ ಹಗ್ಗ ಸುತ್ತುತ್ತಿದ್ದವನು ಎದ್ದು ನಿಂತ. ಕಮಲ ತಗಡಿನ ನೆರಳಲ್ಲಿ ಕುಳಿತು ಎಲೆ ಅಡಿಕೆ ಹಾಕುತ್ತಿದ್ದಳು. "ಓ, ಅಮ್ಮ ಬಂದ್ರು. ನಾಡಿದ್ದು ಬರ್ಬೇಕಿತ್ತು, ಅವಲಕ್ಕಿ ಬೆಲ್ಲ ಉಂಟು" ಎಂದು ನಕ್ಕಳು.

ಜೋಡಿಸಿದ ವಾಕ್ಯ ಒಂದೂ ಬರಲಿಲ್ಲ. ಅವಳು ಚೀಲವನ್ನು ಹೊಯಿಗೆಯ ಮೇಲಿಟ್ಟು, ಅಯಸ್ಕಾಂತ ತೆಗೆದು, ದೋಣಿಯ ಹಿಂಬದಿಗೆ ಹೋಗಿ, ಕೆಳಗಿನ ಹಲಗೆಯ ಬಿಳಿಯ ಮೇಲೆ ಹಿಡಿದಳು. ನೂಲು ಓರೆಯಾಯಿತು. ಪೇಂಟಿನ ಮೇಲೆ, ಏನೂ ಕಾಣದ ಕಡೆ, ಅಯಸ್ಕಾಂತ ಅಂಟಿ ನಿಂತಿತು.

ರೇಮಂಡ್ ಕುಂಚವನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟು ಹತ್ತಿರ ಬಂದ. "ನನಗೆ ಕೈಗೆ ಗೊತ್ತಾಗಿತ್ತು" ಎಂದ, ತನಗೇ ಹೇಳಿಕೊಳ್ಳುವಂತೆ. "ಇಷ್ಟು ಗಟ್ಟಿ ಹೇಗೆ ಅಂತ. ಭಟ್ರ ಅಂಗಡಿಯದ್ದು, ಅಯಸ್ಕಾಂತ ಹಿಡಿದೇ ಕೊಟ್ಟಿರ್ತಾರೆ, ನನ್ನ ಕೈಗೇ ವಯಸ್ಸಾಯ್ತು ಅಂತ ಸುಮ್ಮನಾದೆ."

ಬೈದಿದ್ದರೆ ಒಳ್ಳೆಯದಿತ್ತು. ಸುಭಾಷಿಣಿ ಈಗ ಹೇಳಿದಳು. ಕೊಟ್ಟದ್ದು ನಾನು. ಇಂಥದ್ದು ನಮ್ಮಲ್ಲಿ ಬೇರೆ ಡಬ್ಬಿಯಲ್ಲಿ ಇರುತ್ತದೆ, ನೆಲಕ್ಕೆ ಎಂದವರಿಗೆ ಕೊಡುತ್ತೇವೆ, ಮೊದಲಿನಿಂದಲೂ. ಬೆಲೆ ಒಂದೇ ತೆಗೆದುಕೊಳ್ಳುತ್ತೇವೆ. ಕಮಲಕ್ಕ ಬಂದ ದಿನ ನಾನು ಕೇಳಲಿಲ್ಲ.

"ಐದು ಜನ ಹೋಗುದು ಇದರಲ್ಲಿ" ಎಂದ ಹೂವಪ್ಪ. ಅವನ ಸ್ವರ ಏರಲಿಲ್ಲ. "ಹುಣ್ಣಿಮೆಗೆ ಎಲ್ಲರದ್ದೂ ಇಳೀತದೆ. ನಮ್ಮದು ದಡದಲ್ಲಿ. ಜನ ಕೇಳಿದ್ರೆ ಎಂತ ಹೇಳುದು ನಾನು? ಭಟ್ರು ನಮ್ಮನ್ನೂ ನೆಲದವರು ಮಾಡಿದ್ರು ಅಂತಲಾ?" ಕಿಟ್ಟ ಎಲ್ಲಿಂದಲೋ ಬಂದು ಸೇರಿದವನು ಪಕ್ಕಕ್ಕೆ ಉಗಿದು, "ದೇವರ ಹಾಗೆ ಆರತಿ ಎತ್ತಿ ತೋರಿಸ್ತಿದ್ರಲ್ಲ ಮುದುಕರು" ಎಂದ. ಅವಳು ಅಲ್ಲಿಂದ ಕದಲಲಿಲ್ಲ. ಕಾಲಡಿಯ ಹೊಯಿಗೆ ಬಿಸಿಯಾಗಿತ್ತು. ಹೋಗು ಎಂದು ಯಾರೂ ಹೇಳಿರಲಿಲ್ಲ, ಹೇಳಿದರೂ ಹೋಗಬಾರದು.

ಕಮಲ ಎದ್ದು ಬಂದು ಅವಳೆದುರು ನಿಂತಳು. ನಗು ಎಲ್ಲಿಯೋ ಹೋಗಿತ್ತು. "ಗಂಡಸರು ಸಾವಿರ ಹೇಳ್ಲಿ. ನಾನೊಂದು ಕೇಳ್ತೇನೆ ಅಮ್ಮಾ. ಎಲ್ಲರಲ್ಲಿ ಕೇಳ್ತೀರಿ, ನನ್ನಲ್ಲಿ ಯಾಕೆ ಕೇಳ್ಲಿಲ್ಲ?"

ಸುಭಾಷಿಣಿ ಕೈಯಲ್ಲಿದ್ದ ಚಪ್ಪಲಿಯನ್ನು ಹೊಯಿಗೆಯ ಮೇಲಿಟ್ಟಳು.

"ನಾನು ಕಾದೆ. ಇವರು ಹೋಗ್ತೇನೆ ಅಂದ್ರು, ಬೇಡ, ನಾನೇ ಹೋಗುದು ಅಂತ ಹಟ ಹಿಡಿದೆ. ನನ್ನ ಕುತ್ತಿಗೆಯದ್ದು, ಕೈಯದ್ದು ಚಿನ್ನ ಎಲ್ಲ ಈ ಹಲಗೆಯಲ್ಲುಂಟು. ಅಂಗಡಿಯಲ್ಲಿ ಅಮ್ಮ ಕೇಳ್ತಾರೆ ನೀರಿಗಾ ನೆಲಕ್ಕಾ ಅಂತ, ನಾನು ನೀರಿಗೆ ಅಂತ ಹೇಳ್ಬೇಕು ಅಂತ ದಾರಿ ಇಡೀ ನೆನೆಸ್ತಾ ಬಂದೆ. ನೀವು ಮನೆ ಕೆಲಸ ಎಲ್ಲಿಗೆ ಬಂತು ಅಂತ ಕೇಳಿದ್ರಿ." ದೋಣಿಯ ಕಡೆ ನೋಡಿದಳು. "ಹೇಳ್ಲಿಕ್ಕೆ ನನಗೆ ನಾಚಿಕೆ ಆಯ್ತು. ದೊಡ್ಡಸ್ತಿಕೆ ಅಂತ ತಿಳೀತೀರೋ ಅಂತ."

ಆಗ, ದಡದ ಗಾಳಿಯಲ್ಲಿ, ತಲೆಯ ಮೇಲಿಂದ ಅಂಗಡಿಯೊಳಗೆ ಇಣುಕಿದವರ ಮುಖಗಳು ಒಂದೊಂದಾಗಿ ಸುಭಾಷಿಣಿಯ ಮುಂದೆ ಸುಳಿದವು. ಆ ಸಾಲಿನ ಕೊನೆಯಲ್ಲಿ ಅವಳದೇ ಮುಖವಿತ್ತು, ನಗುತ್ತ, ಮನೆ ಕೆಲಸ ವಿಚಾರಿಸುತ್ತ. "ಹೆಂಗಸು ಅಂತ ಕೇಳ್ಲಿಲ್ಲ ಕಮಲಕ್ಕ" ಎಂದಳು. ಜೀವಮಾನದಲ್ಲಿ ಅವಳು ಹೇಳಿದ ಅತ್ಯಂತ ಕಷ್ಟದ ವಾಕ್ಯ ಅದು. ಪ್ರಬಂಧದಲ್ಲಿ ಬರೆಯುವಂಥದ್ದೇನೂ ಅದರಲ್ಲಿ ಇರಲಿಲ್ಲ.

ಕಮಲ ಅವಳನ್ನು ನೋಡಿದಳು. ಎಲೆ ಅಡಿಕೆಯನ್ನು ದೂರಕ್ಕೆ ಉಗಿದಳು. "ಆಯ್ತು" ಎಂದಳು. "ಇನ್ನು ಎಂತ ಮಾಡುದು ಹೇಳಿ."

"ತೆಗೆಯುದು."

ರೇಮಂಡ್ ತಲೆಯಾಡಿಸಿದ. "ಎಲ್ಲಿ ಅಂತ ತೆಗೆಯುದು ಅಮ್ಮಾ? ತಲೆಯ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಎರಡು ಕೋಟು ಪೇಂಟು. ತಾಮ್ರದ ಮೊಳೆ ಎಲ್ಲಿ, ಹಳೇ ಹಿತ್ತಾಳೆ ಎಲ್ಲಿ, ನಿಮ್ಮದು ಎಲ್ಲಿ? ಇಡೀ ಹಲಗೆ ಕೆರೆಯಬೇಕು. ಒಂದು ವಾರದ ಕೆಲಸ."

ಸುಭಾಷಿಣಿ ಅಯಸ್ಕಾಂತವನ್ನು ಎತ್ತಿದಳು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದಳು, ಮನೆಯ ಅಂಗಳ ಗುಡಿಸುವಾಗ ಸಿಕ್ಕಿಸುವ ಹಾಗೆ. ಹಲಗೆಯ ತುದಿಯಿಂದ ಶುರುಮಾಡಿ ನೂಲನ್ನು ಗೇಣು ಗೇಣಾಗಿ ಸರಿಸಿದಳು. ಸುಮ್ಮನೆ ಹೋಯಿತು, ಹೋಯಿತು, ಓರೆಯಾಯಿತು. ಅಂಟಿದ ಕಡೆ ಬೆರಳಿಟ್ಟಳು. ಕಮಲ ಒಂದು ಇದ್ದಿಲ ಚೂರು ತಂದು ಆ ಬೆರಳಿನ ಸುತ್ತ ಒಂದು ಸೊನ್ನೆ ಬರೆದಳು. ರೇಮಂಡ್ ನೋಡುತ್ತ ನಿಂತವನು, ಹೋಗಿ ಉಳಿ ತಂದ.

ಆ ಮಧ್ಯಾಹ್ನದಲ್ಲಿ ಅವಳು ಕಲಿತದ್ದು ಹಲವು. ಬಗ್ಗಿದರೆ ಸೊಂಟ ಎಷ್ಟು ಹೊತ್ತಿಗೆ ಸೋಲುತ್ತದೆ, ಅಂಗಾತ ಮಲಗಿ ದೋಣಿಯ ಅಡಿಗೆ ನುಸುಳಿದರೆ ಕೂದಲಿಗೆ ಎಷ್ಟು ಹೊಯಿಗೆ ಹಿಡಿಯುತ್ತದೆ, ಗಂಡಸರು ನೋಡುತ್ತಿದ್ದಾರೆಂಬ ಯೋಚನೆ ಎಷ್ಟನೆಯ ಸ್ಕ್ರೂವಿಗೆ ಮರೆತುಹೋಗುತ್ತದೆ ಎಂದು. ನಲವತ್ತರ ಹತ್ತಿರ ಅದು ಮರೆತುಹೋಯಿತು. ಪೇಂಟಿನ ಕೆಳಗೆ ಅವಿತ ಒಂದೊಂದೂ ಅವಳ ಬೆರಳಿಗೆ ಸಣ್ಣ ಎಳೆತವಾಗಿ ತಿಳಿಯುತ್ತಿತ್ತು, ಯಾರೋ ಒಳಗಿನಿಂದ ನೂಲು ಜಗ್ಗಿದ ಹಾಗೆ. ಮಠದ ಅಡಿಗೆಮನೆಯಿಂದ ಓಡಿ ಬಂದು ಅಂಗಡಿ ತೆರೆದವರು, ಹುಣಿಸೆಹಣ್ಣಿನಲ್ಲಿ ಕೈ ತೊಳೆದವರು, ಅವರ ದುಡಿಮೆಯಲ್ಲಿ ಓದಿ ಬ್ಯಾಂಕು ಸೇರಿದವನು, ಆ ಮನೆಯ ಅನ್ನ ಉಂಡು ನೋಟುಬುಕ್ಕು ಬರೆದವಳು, ಎಲ್ಲರೂ ಈ ಬಿಳಿಯ ಕೆಳಗೆ ಇದ್ದರು. ಮೇಲೆ ಹಿತ್ತಾಳೆ. ಅವಳು ಹುಡುಕುತ್ತ ಹೋದಳು. ಕಮಲ ಸೊನ್ನೆ ಬರೆಯುತ್ತ ಹೋದಳು. ಉಳಿ ಪುಟ್ಟಿಯನ್ನು ಕಚ್ಚುವ ಸದ್ದು, ಆಮೇಲೆ ಸ್ಕ್ರೂ ತಗಡಿಗೆ ಬೀಳುವ ಸದ್ದು. ಹೂವಪ್ಪ ಸುಮಾರು ಹೊತ್ತು ದೂರ ಕುಳಿತಿದ್ದು, ಯಾರೂ ಕರೆಯದೆ ಎದ್ದು ಬಂದು ಇನ್ನೊಂದು ತಿರುಪುಳಿ ಹಿಡಿದ.

ಬಿಸಿಲು ಇಳಿಯುವಾಗ ವಿಷ್ಣುಮೂರ್ತಿ ಬಂದ. ಪಂಚೆಯನ್ನು ಮೇಲೆ ಕಟ್ಟಿ, ಹೊಯಿಗೆಯ ಅಂಚಿನಲ್ಲಿ, ನೀರಿನಿಂದ ದೂರ ನಿಂತ. ದೋಣಿಯ ಅಡಿಯಿಂದ ಹೊರಗೆ ಚಾಚಿದ ಹೆಂಡತಿಯ ಕಾಲುಗಳನ್ನು ಅವನು ನೋಡಿದ್ದನ್ನು ಅವಳು ಒಳಗಿನಿಂದ ಕಂಡಳು. ಕೈಯಲ್ಲಿ ಕಾಗದದ ಪೊಟ್ಟಣ. "ಉಡುಪಿಗೆ ಹೋಗಿ ಬಂದೆ" ಎಂದ ಅವನು, ರೇಮಂಡನಿಗೆ ಹೇಳುವ ಹಾಗೆ. "ಡ್ರಾಯರಿನಲ್ಲಿ ಇದ್ದದ್ದು ಸಾಕಾಗುದಿಲ್ಲ ಅಂತ ಗೊತ್ತಿತ್ತು. ಇನ್ನೊಂದೂವರೆ ಗ್ರೋಸ್ ಉಂಟು." ಕಿಟ್ಟ ಅದನ್ನು ತೆಗೆದುಕೊಂಡು, ಬಿಡಿಸಿ ಸುಭಾಷಿಣಿಯ ಕಡೆ ಚಾಚಿದ. ಅವಳು ಗಂಡನ ಎದುರೇ, ಗಂಡ ತಂದ ಸ್ಕ್ರೂಗಳ ಮೇಲೆ ಅಯಸ್ಕಾಂತ ಆಡಿಸಿದಳು. ಒಂದೂ ಅಂಟಲಿಲ್ಲ. ವಿಷ್ಣುಮೂರ್ತಿ ಬಿಟ್ಟ ಉಸಿರು ಅವಳಿಗೆ ಕೇಳಿಸಿತು.

ದೋಣಿ ಹುಣ್ಣಿಮೆಗೆ ಇಳಿಯಲಿಲ್ಲ. ಉಳಿದವರದೆಲ್ಲ ಇಳಿಯಿತು, ಹೂವಪ್ಪನದು ಹಿಂಬದಿಯ ತುಂಬ ಇದ್ದಿಲ ಸೊನ್ನೆಗಳನ್ನು ಹೊತ್ತುಕೊಂಡು ಕೊರಡಿನ ಮೇಲೆ ನಿಂತಿತ್ತು. ಎರಡು ದಿನ ತಡವಾಗಿ, ಹಾಲು ಹೊಯ್ಯುವ ಜನವಿಲ್ಲದೆ, ಒಂದು ಬೆಳಗ್ಗೆ ಇಳಿಯಿತು. ಕಮಲ ಅವಲಕ್ಕಿ ಬೆಲ್ಲ ಕೊಟ್ಟಳು, ಆದರೆ ಮೊದಲಿನ ಹಾಗೆ ನಗಲಿಲ್ಲ. ಅದು ಸರಿಯೆಂದೇ ಸುಭಾಷಿಣಿಗೆ ಅನಿಸಿತು. ಇನ್ನೂರ ಎಂಬತ್ತೆಂಟರಲ್ಲಿ ಇನ್ನೂರ ಎಂಬತ್ತಾರು ಸಿಕ್ಕಿದ್ದವು. ಉಳಿದೆರಡು ಹೊಯಿಗೆಯಲ್ಲಿ ಬಿದ್ದಿರಬೇಕು ಎಂದು ರೇಮಂಡ್ ಅಂದ. ಅವಳು ಮತ್ತೆ ಎರಡು ಸಲ ಇಡೀ ಹಲಗೆಯ ಮೇಲೆ ನೂಲು ಸರಿಸಿ ನೋಡಿದ ಮೇಲೆಯೇ ಅದನ್ನು ನಂಬಿದ್ದು.

ಹೃಷೀಕೇಶ ಭಾನುವಾರಕ್ಕೆ ಕಾಯದೆ ಬಂದ. ಸುದ್ದಿ ಅವನಿಗಿಂತ ಮೊದಲು ಮಣಿಪಾಲ ಮುಟ್ಟಿತ್ತು. "ದೋಣಿಯದ್ದು ಹೇಳ್ಬಹುದಿತ್ತು ಅತ್ತಿಗೆ, ಒಪ್ತೇನೆ. ಅಪ್ಪನ ಡಬ್ಬಿಯನ್ನು ಬೀದಿಯಲ್ಲಿ ಸುರಿಯುದು ಬೇಕಿತ್ತಾ? ನಾಳೆ ಕಾರ್ಕಳ ಇಡೀ ಬಾಗಿಲು ಹೊತ್ತುಕೊಂಡು ಬರ್ತದೆ. ಯಾರು ಕೂತು ಉತ್ತರ ಕೊಡುದು?"

"ನಾನು" ಎಂದಳು.

ಅವನು 'ಅಣ್ಣ' ಎಂದು ವಿಷ್ಣುಮೂರ್ತಿಯ ಕಡೆ ತಿರುಗಿದ. ವಿಷ್ಣುಮೂರ್ತಿ ಒಲೆಯ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ. "ಅವಳು ಕೂರ್ಲಿ" ಎಂದ. "ಬೇರೆ ಯಾರು ಕೂರ್ತಾರೆ ಈಗ? ನೀನು ಕೂರ್ತೀಯಾ?"

ಸೋಮವಾರ ಬೆಳಗ್ಗೆ ಅವಳು ಗಲ್ಲಾದ ಮೇಲೆ ಬಿಸ್ಕಿಟ್ ಡಬ್ಬಿಯನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ಡಬ್ಬಿಯ ಹಳೆಯ ಇಪ್ಪತ್ತರ ಜೊತೆ ದೋಣಿಯಿಂದ ತೆಗೆದದ್ದೂ ಅದರಲ್ಲಿತ್ತು. ಉಳಿ ಕಚ್ಚಿದ ತಲೆಗಳಲ್ಲಿ ಹಳದಿ ಕಿತ್ತು ಬೂದು ಬಣ್ಣ ಕಾಣುತ್ತಿತ್ತು. ಅಯಸ್ಕಾಂತವನ್ನು ಮೊಳೆಯಿಂದ ಇಳಿಸಿ ಅದರ ಪಕ್ಕ ಇಟ್ಟಳು. ಯಾರು ಬೇಕಾದರೂ ಎತ್ತಿ ನೋಡಬಹುದು. ಮೊದಲ ಗಿರಾಕಿ ಕಟಪಾಡಿಯವನು. ಡಬ್ಬಿಯ ಕಡೆ ಒಮ್ಮೆ ನೋಡಿ, "ನೆಲಕ್ಕೆ ಅಮ್ಮಾ" ಎಂದ, ಅಭ್ಯಾಸದಂತೆ, ಅವಳು ಕೇಳುವ ಮೊದಲೇ. ಅವಳು ಕೇಳುವವಳಿರಲಿಲ್ಲ. ಮೇಲಿನ ಡ್ರಾಯರಿನಿಂದ ಕೊಟ್ಟಳು. ಒಳಗಿನಿಂದ ಮಾವ ಕೆಮ್ಮಿದ್ದು ಕೇಳಿಸಿತು. ಮೂವತ್ತೆರಡು ವರ್ಷದ ಆ ಪ್ರಶ್ನೆ ಬಾರದೆ ಹೋದದ್ದನ್ನು ಅವರೂ ಕೇಳಿಸಿಕೊಂಡಿರಬೇಕು.

ಹತ್ತೂವರೆಗೆ ಕಾರ್ಕಳದ ಕಡೆಯ ಬಸ್ಸಿನ ಜನ ಇಳಿದರು. ಅವರಲ್ಲಿ ಒಬ್ಬರು, ಕಪ್ಪು ಕೋಟಿನ ಹಿರಿಯರು, ಪೇಪರಿನಲ್ಲಿ ಸುತ್ತಿದ ಏನನ್ನೋ ಎದೆಗೆ ಅವಚಿಕೊಂಡು ರಸ್ತೆ ದಾಟುತ್ತಿದ್ದರು. ಪೇಪರಿನ ಹರಿದ ಮೂಲೆಯಲ್ಲಿ ಬಾಗಿಲಿನ ಒಂದು ಹಿಂಜ್, ಅದರ ರಂಧ್ರಗಳಿಂದ ಕಂದಾಗಿ ಇಳಿದ ತುಕ್ಕು. ಅವಳು ಗಲ್ಲಾದ ಮೇಲೆ ಜಾಗ ಮಾಡಿದಳು. ಬೆನ್ನನ್ನು ನೆಟ್ಟಗೆ ಮಾಡಿಕೊಂಡಳು. ಹಿರಿಯರು ಮೆಟ್ಟಿಲು ಹತ್ತಿ, ಕನ್ನಡಕ ಸರಿಮಾಡಿಕೊಂಡು, ಅವಳ ತಲೆಯ ಮೇಲಿಂದ ಒಳಗಿನ ಕತ್ತಲೆಗೆ ಇಣುಕಿ ನೋಡಿದರು.

"ಯಾರೂ ಇಲ್ವಾ ಅಂಗಡಿಯಲ್ಲಿ?"

"ಇದ್ದೇನೆ" ಎಂದಳು ಸುಭಾಷಿಣಿ. "ಕೊಡಿ ಇಲ್ಲಿ."